ಎಣ್ಣೆಯ ಸಾಲು

ನಲ್ಲಿಯ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದ ಕೆಲಸಗಾರ ತಲೆ ಎತ್ತದೆಯೇ, "ಥ್ರೆಡ್ ಹೋಗ್ಯಾವ್ರಿ ಅಕ್ಕೋರೆ, ಹೊಸಾದು ಹಾಕಬೇಕು" ಎಂದಾಗ ಮಹಾಂತಮ್ಮನಿಗೆ ಮೊದಲು ಬಂದದ್ದು ನಗು. ಎರಡನೇ ಪೀರಿಯಡ್ಡು ಮುಗಿದಿತ್ತು. ಒಂಬತ್ತನೇ ತರಗತಿಯ ಹುಡುಗಿಯರ ಇಂಗ್ಲಿಷ್ ನೋಟ್‌ಬುಕ್ಕುಗಳನ್ನು ಎದೆಗೆ ಅವಚಿಕೊಂಡು ಸ್ಟಾಫ್ ರೂಮಿಗೆ ಹೊರಟವಳು ನೀರು ಕುಡಿಯಲೆಂದು ಅಲ್ಲಿ ನಿಂತಿದ್ದಳು. "ಥ್ರೆಡ್ ಅಂದ್ರ ದಾರ ಅಲ್ಲೇನಪ್ಪ? ನಳದಾಗ ಎಲ್ಲಿ ದಾರ ಬಂತು?" ಎಂದು ಕೇಳಿದಳು. ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದವಳ ಸಣ್ಣ ಜಂಬ ಆ ಪ್ರಶ್ನೆಯಲ್ಲಿತ್ತು. ಅವನು ಬಿಚ್ಚಿದ ನಲ್ಲಿಯ ತುದಿಯನ್ನು ಅವಳ ಕಣ್ಣಿನ ಹತ್ತಿರ ಹಿಡಿದ. "ದಾರ ಅಲ್ರಿ. ಇಲ್ಲಿ ನೋಡ್ರಿ, ಸುತ್ತೂಕಡಿ ಗೆರಿ ಅದಾವಲ್ಲ, ಇವಕ್ಕ ಥ್ರೆಡ್ ಅಂತಾರ. ನಮ್ಮ ಸಾಬರ ಮಂದಿ ಚೂಡಿ ಅಂತಾರ. ಬೋಲ್ಟು, ನಟ್ಟು, ಯಾವುದಕ್ಕ ಆಗಲಿ, ಇದ ಇರತದ." ನಲ್ಲಿಯ ತುದಿಯಿಂದ ಒಂದು ಹನಿ ನೀರು ಅವಳ ಚಪ್ಪಲಿಯ ಮೇಲೆ ಬಿತ್ತು. ಆ ಗೆರೆಗಳನ್ನೇ ನೋಡುತ್ತ ನಿಂತವಳ ಮುಖದಲ್ಲಿ ನಗು ಹಾಗೆಯೇ ಉಳಿದಿತ್ತು, ಒಳಗೆ ಮಾತ್ರ ಅದು ಆಗಲೇ ಆರಿಹೋಗಿತ್ತು. ಲೈಟ್ಲಿ ಆಯಿಲ್ ದ ಥ್ರೆಡ್ಸ್. ಕಾರಿನ ಇಂಗ್ಲಿಷ್ ಪುಸ್ತಕದ ಪುಟವೊಂದರ ಕೆಳತುದಿಯಲ್ಲಿದ್ದ ಆ ನಾಲ್ಕು ಶಬ್ದದ ಸಾಲು ಇಡಿಯಾಗಿ ಕಣ್ಣಿಗೆ ಕಟ್ಟಿತು. ಆ ಸಾಲನ್ನು ಅವಳು ಬರೆದಿರಲಿಲ್ಲ. ಮೆಕ್ಯಾನಿಕ್ ಶಾಮೀದಸಾಬನಿಗೆ ಕನ್ನಡದಲ್ಲಿ ಬರೆದುಕೊಟ್ಟ ಹನ್ನೊಂದು ಹಾಳೆಗಳಲ್ಲಿ ಬೇಕೆಂದೇ ಬಿಟ್ಟಿದ್ದ ಸಾಲು ಅದು.

ಮೂರು ತಿಂಗಳ ಹಿಂದೆ, ಎಪ್ಪತ್ತೆಂಟರ ದೀಪಾವಳಿ ಕಳೆದ ಮೇಲೆ, ಅವನು ಆ ಪುಸ್ತಕವನ್ನು ಉರ್ದು ಪತ್ರಿಕೆಯಲ್ಲಿ ಸುತ್ತಿಕೊಂಡು ಅವಳ ಮನೆಗೆ ತಂದಿದ್ದ. ಶಾಮೀದಸಾಬನ ಗ್ಯಾರೇಜು ಅವಳ ಬಾಡಿಗೆ ಮನೆಯಿಂದ ಎರಡು ಓಣಿ ಆಚೆ, ಕೋಟೆಗೋಡೆಯ ನೆರಳಿನಲ್ಲಿತ್ತು. ಅವಳ ಸ್ಟೋವು, ಹೊಲಿಗೆ ಯಂತ್ರ, ಒಮ್ಮೆ ಕೊಡೆಯ ಕಡ್ಡಿಯನ್ನು ಕೂಡ ಅವನೇ ರಿಪೇರಿ ಮಾಡಿಕೊಟ್ಟಿದ್ದ. ರಾಯಚೂರಿನಲ್ಲಿ ಯಾರ ಕಾರಿನ ಎಂಜಿನ್ನು ಬಿಚ್ಚಬೇಕಾದರೂ ಅವನನ್ನೇ ಕರೆಯುತ್ತಿದ್ದರು. ಅವನು ಬೋಲ್ಟು ಬಿಗಿ ಮಾಡುವಾಗ ಕಣ್ಣು ಮುಚ್ಚುತ್ತಾನೆ, ಅಳತೆ ಎಲ್ಲ ಕೈಯಲ್ಲೇ ಇದೆ ಎಂದು ಜನ ಹೇಳುತ್ತಿದ್ದರು. ಅಂದು ಅವನು ಸೋಪಿನಲ್ಲಿ ಎಷ್ಟು ಸಲ ತೊಳೆದರೂ ಗೆರೆಗಳಲ್ಲಿ ಕಪ್ಪು ಉಳಿದಿದ್ದ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಕುರ್ಚಿ ಬೇಡವೆಂದು ಹೊಸ್ತಿಲ ಬಳಿಯೇ ಕುಳಿತ. "ನಿಮ್ಮ ಮಾವಾರು ಮಾನ್ವಿಯಿಂದ ಗಾಡಿ ಕಳಿಸ್ಯಾರ್ರಿ. ಈ ಸಲ ಅಂದಾಜಿನ ಕೆಲಸ ಬ್ಯಾಡ, ಪುಸ್ತಕ ನೋಡಿ ಮಾಡು ಅಂದಾರ. ಹೈದರಾಬಾದಿನಿಂದ ಬೋಲ್ಟು ಬಿಗಿಯೋ ಮುಳ್ಳಿನ ಪಾನಾ ತರಿಸಿಕೊಟ್ಟಾರ. ಎಷ್ಟು ಬಿಗಿ ಆತು ಅಂತ ಮುಳ್ಳು ತೋರಸ್ತದಂತ. ಆದ್ರ ಪುಸ್ತಕ ಇಂಗ್ಲೀಷಿನಾಗ ಅದ." ಮಾನ್ವಿಯ ಅಕ್ಕಿ ಗಿರಣಿಯ ವಿರೂಪಣ್ಣ ಮಹಾಂತಮ್ಮನ ಅಕ್ಕ ಸೂಗಮ್ಮನ ಗಂಡ. ಕಪ್ಪು ಅಂಬಾಸಿಡರಿನ ಮೇಲೆ ಅವರಿಗೆ ಅಕ್ಕನ ಮೇಲಿದ್ದಷ್ಟೇ ಪ್ರೀತಿ ಎಂದು ಮನೆಯವರೆಲ್ಲ ನಗುತ್ತಿದ್ದರು. ಮಹಾಂತಮ್ಮ ಪುಸ್ತಕ ತಿರುವಿದಳು. ನಲವತ್ತನಾಲ್ಕನೇ ವಯಸ್ಸಿನಲ್ಲಿ, ಪರೀಕ್ಷೆಗಲ್ಲದ ಒಂದು ಕೆಲಸಕ್ಕೆ, ಕಬ್ಬಿಣದ ಒಂದು ಕೆಲಸಕ್ಕೆ ತನ್ನ ಇಂಗ್ಲಿಷ್ ಬೇಕಾಗಿದೆ ಎಂದು ಅವಳ ಎದೆ ಹಿಗ್ಗಿತು. ನಾಲ್ಕು ದಿನ ಸಂಜೆ ಕುಳಿತು, ಕನೆಕ್ಟಿಂಗ್ ರಾಡಿನ ಬೋಲ್ಟುಗಳನ್ನು ಕೂಡಿಸುವ ಭಾಗವನ್ನೆಲ್ಲ ದುಂಡನೆಯ ಅಕ್ಷರದಲ್ಲಿ ಕನ್ನಡಕ್ಕೆ ಇಳಿಸಿದಳು. ಪಿಸ್ಟನ್ನನ್ನು ಕೆಳಗಿನ ಕ್ರ್ಯಾಂಕಿಗೆ ಜೋಡಿಸುವ ರಾಡುಗಳು ನಾಲ್ಕು, ಒಂದೊಂದಕ್ಕೆ ಎರಡು ಬೋಲ್ಟು. ಬೋಲ್ಟುಗಳನ್ನು ಒರೆಸಿ ಸ್ವಚ್ಛ ಮಾಡಬೇಕು, ಸರದಿಯಂತೆ ಎರಡನ್ನೂ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು, ಮುಳ್ಳು ಮೂವತ್ತೈದಕ್ಕೆ ಬಂದಾಗ ನಿಲ್ಲಿಸಬೇಕು. ಇಷ್ಟೆಲ್ಲ ಸಲೀಸಾಗಿ ಬಂತು. ನಡುವೆ ಆ ಸಾಲು. ದಾರಗಳಿಗೆ ಹಗುರಾಗಿ ಎಣ್ಣೆ ಹಚ್ಚಿರಿ. ಎಂಜಿನ್ನಿನೊಳಗೆ ಯಾವ ದಾರ? ಶಾಲೆಯ ಪುಟ್ಟ ಡಿಕ್ಷನರಿ ಹತ್ತಿ, ರೇಷ್ಮೆ, ಸೂಜಿ ಎಂದು ಹೇಳಿ ಸುಮ್ಮನಾಯಿತು. ಅಚ್ಚಿನ ತಪ್ಪಿರಬೇಕು ಎಂದುಕೊಂಡಳು. ಯಾವುದೋ ಬೇರೆ ಗಾಡಿಯ ಮಾತಿರಬೇಕು ಎಂದುಕೊಂಡಳು. ಎರಡು ಓಣಿ ದಾಟಿದರೆ ಕೇಳಬಹುದಿತ್ತು. ಕಲಿಸುವವಳು ಕೇಳಲು ಹೋಗುವುದೇ? ಪೆನ್ನು ಮುಂದಿನ ಸಾಲಿಗೆ ಹೋಯಿತು.

ಅಷ್ಟಾಗಿದ್ದರೆ ಅದೊಂದು ತಪ್ಪು ಎನ್ನಬಹುದಿತ್ತು. ಸ್ಟಾಫ್ ರೂಮಿನಲ್ಲಿ ಕೆಂಪು ಪೆನ್ನು ಹಿಡಿದು ಕುಳಿತ ಮಹಾಂತಮ್ಮನಿಗೆ, ಮೊದಲ ಹುಡುಗಿಯ ನೋಟ್‌ಬುಕ್ಕಿನ ಮೊದಲ ಸಾಲನ್ನೇ ನಾಲ್ಕನೇ ಸಲ ಓದುತ್ತಿರುವಾಗ ನೆನಪಾದದ್ದು ಅದರ ಮುಂದಿನದು. ಹಾಳೆಗಳನ್ನು ಒಯ್ದ ಎರಡನೇ ದಿನ ಶಾಮೀದಸಾಬ ತಿರುಗಿ ಬಂದಿದ್ದ. ಓದಿದ್ದು ಉರ್ದು ಶಾಲೆಯಲ್ಲಿ. ಕನ್ನಡವನ್ನು ಬಸ್ಸಿನ ಬೋರ್ಡುಗಳನ್ನು ನೋಡಿ ತಾನೇ ಕಲಿತವನು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದ. ಬೆರಳನ್ನು ಆ ಸಾಲು ಇರಬೇಕಾಗಿದ್ದ ಹಾಳೆಯ ಮೇಲಿಟ್ಟುಕೊಂಡೇ ಬಂದಿದ್ದ. "ಅಕ್ಕೋರೆ, ಸಿಟ್ಟಾಗಬ್ಯಾಡ್ರಿ. ಇದರಾಗ ಎಣ್ಣಿ ಮಾತು ಎಲ್ಯೂ ಬರಂಗಿಲ್ಲಲ್ರಿ? ನಾ ಮೂವತ್ತು ವರ್ಷ ಬೋಲ್ಟಿಗೆ ಎಣ್ಣಿ ಹಚ್ಚೇ ಕೂಡಸೇನಿ." ಆಗ ಆ ಸಾಲು ನೆನಪಿಗೆ ಬಂದಿರಲಿಲ್ಲವೇ? ಬಂದಿತ್ತು. ಸ್ಪಷ್ಟವಾಗಿ, ಪುಟದ ಕೆಳತುದಿಯ ಜಾಗದ ಸಮೇತ ನೆನಪಿಗೆ ಬಂದಿತ್ತು. ಒಂದು ಶಬ್ದ ತನಗೆ ತಿಳಿದಿರಲಿಲ್ಲ ಎಂದು ಈ ಮನುಷ್ಯನೆದುರು, ಅಕ್ಕೋರ ಅಕ್ಷರ ಮುತ್ತಿನಂಗ ಅದಾವ ಎಂದು ನಿನ್ನೆ ತಾನೇ ಹೊಗಳಿದ ಮನುಷ್ಯನೆದುರು ಹೇಳಲು ನಾಲಗೆ ಏಳಲಿಲ್ಲ. "ಪುಸ್ತಕದಾಗ ಇದ್ದದ್ದನ್ನೆಲ್ಲಾ ಬರದೀನಿ ಶಾಮೀದಣ್ಣ" ಎಂದಿದ್ದಳು. ಅವನು ತಲೆದೂಗಿದ್ದ. "ಹಂಗಾದ್ರ ಕಂಪನಿಯವರಿಗೆ ಗೊತ್ತಿರತದ ಬಿಡ್ರಿ" ಎಂದು ಹಾಳೆ ಮಡಚಿ ಒಳಜೇಬಿನಲ್ಲಿ ಇಟ್ಟುಕೊಂಡಿದ್ದ. ಮೂವತ್ತು ವರ್ಷಗಳಲ್ಲಿ ಮೊದಲ ಸಲ ಬೋಲ್ಟುಗಳನ್ನು ಒಣಗಿದ್ದ ಹಾಗೆಯೇ ಕೂಡಿಸಿದ್ದ.

ಕಾರು ಎರಡು ತಿಂಗಳು ಚೆನ್ನಾಗಿಯೇ ಓಡಿತು. ಹನ್ನೆರಡು ದಿನದ ಹಿಂದೆ, ಸೂಗಮ್ಮ ರಾಯಚೂರಿಗೆ ಸೀರೆ ಕೊಳ್ಳಲು ಬರುವಾಗ ಕಲ್ಲೂರಿನ ಹತ್ತಿರ ಎಂಜಿನ್ನು ಒಡೆಯಿತು. "ಒಳಗ ಯಾರೋ ಸುತ್ತಿಗಿ ತೊಗೊಂಡು ಬಡದಂಗಾತು ನೋಡ ಮಾಂತೀ" ಎಂದು ಅಕ್ಕ ಆಮೇಲೆ ಕೈ ಆಡಿಸಿ ಹೇಳಿದ್ದಳು. "ಡ್ರೈವರ್ ಗಡಿಗೆಪ್ಪ ಗಾಡಿ ನಿಂದ್ರಸೂದರಾಗ ಎಣ್ಣಿ ಎಲ್ಲಾ ರಸ್ತಾದ ಮ್ಯಾಲ. ಕಲ್ಲೂರ ಮಂದಿ ನನಗ ಬೇವಿನ ಗಿಡದ ಕೆಳಗ ಹೊರಸು ಹಾಕಿ, ಮಜ್ಜಿಗಿ ಕೊಟ್ಟು, ಯಾರ ಮಗಳು ಏನು ಎತ್ತ ಅಂತ ಎಲ್ಲಾ ಕೇಳಿಬಿಟ್ರು." ಒಂದು ರಾಡಿನ ಬೋಲ್ಟು ತುಂಡಾಗಿ, ರಾಡು ಎಂಜಿನ್ನಿನ ಗೋಡೆಯನ್ನೇ ಒಡೆದುಕೊಂಡು ಹೊರಗೆ ಬಂದಿತ್ತು. ಯಾರಿಗೂ ಏನೂ ಆಗಲಿಲ್ಲ. ವಿರೂಪಣ್ಣ ಮಾತ್ರ ಊರೆಲ್ಲ ಕೇಳುವ ಹಾಗೆ, ಶಾಮೀದನ ಕೈ ಮುಗೀತು, ಇನ್ನು ಗಾಡಿ ಹೈದರಾಬಾದಿಗೇ ಎಂದಿದ್ದರು. ಅದನ್ನು ಕೇಳಿದಾಗ ಮಹಾಂತಮ್ಮನಿಗೆ ಅಯ್ಯೋ ಅನಿಸಿತ್ತು. ವಯಸ್ಸಾಯಿತು ಪಾಪ, ಅನಿಸಿತ್ತು. ಹನ್ನೆರಡು ದಿನ ಆ ಪಾಪವನ್ನು ಅವನ ಮೇಲೆ ಹಾಕಿ ಆರಾಮಾಗಿ ಉಂಡು ಮಲಗಿದ್ದಳಲ್ಲ. ಮುಂದಿನ ಗಂಟೆ ಹೊಡೆಯಿತು. ತರಗತಿಗೆ ಹೋದಳು. ಹುಡುಗಿಯೊಬ್ಬಳು ಎದ್ದು ಪದ್ಯದ ಒಂದು ಶಬ್ದದ ಅರ್ಥ ಕೇಳಿದಳು. ಗೊತ್ತಿದ್ದ ಶಬ್ದವೇ. ಆದರೂ ಉತ್ತರ ಹೇಳುವಾಗ ಮಹಾಂತಮ್ಮನಿಗೆ ತನ್ನ ದನಿ ಬೇರೆ ಯಾರದೋ ಎಂಬಂತೆ ಕೇಳಿಸಿತು.

ಶಾಲೆ ಬಿಟ್ಟ ಕೂಡಲೇ ಹೇಳಿಬಿಡಬೇಕೆಂದೇ ಹೋದಳು. ಗ್ಯಾರೇಜಿನ ತಗಡಿನ ಬಾಗಿಲಿಗೆ ಬೀಗ ಬಿದ್ದಿತ್ತು. ಹಿಂದಿನ ಮನೆಯಲ್ಲಿ ಅವನ ಹೆಂಡತಿ ಮುನವ್ವರ್ ಬೀ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದವಳು, ಇವಳನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದಳು. "ಬರ್ರಿ ಅಕ್ಕೋರೆ, ಬರ್ರಿ. ಅವರು ದೇವದುರ್ಗಕ್ಕ ಹೋಗ್ಯಾರ್ರಿ. ನಮ್ಮ ತಮ್ಮ ಬಂದೇನವಾಜನ ಸೈಕಲ್ ಅಂಗಡಿ ಅದಲ್ಲ, ಅಲ್ಲಿ ಕುಂದ್ರತಾರಂತ. ಇನ್ನ ಎಂಜಿನ್ ಮುಟ್ಟಂಗಿಲ್ಲ ಅಂದುಬಿಟ್ಟಾರ." ಬೇಡವೆಂದರೂ ಚಹಾಕ್ಕೆ ಇಟ್ಟಳು. ಒಲೆಯ ಮುಂದೆ ಕುಳಿತು, ಬೆನ್ನು ಇತ್ತ ಮಾಡಿಯೇ ಮಾತಾಡಿದಳು. "ಹಗಲೆಲ್ಲಾ ತನ್ನ ಕೈ ತಾನs ನೋಡ್ಕೊಂತ ಕೂಡತಿದ್ರು. ಹಿಂಗ ತಿರುವಿ ಹಂಗ ತಿರುವಿ. ನಾ ಅಂದೆ, ಅಜೀ, ಒಂದು ಬೋಲ್ಟು ತುಂಡಾದ್ರ ದುನಿಯಾ ಮುಗೀತದೇನು? ಅದಕ್ಕ ಏನಂದ್ರು ಗೊತ್ತೇನ್ರಿ? ಕಾಗದ ಖರೇ ಅದ, ಪಾನಾ ಖರೇ ಅದ, ಸುಳ್ಳಾಗಿದ್ದು ನನ್ನ ಕೈ ಒಂದೇ ಅಂದ್ರು." ಮಹಾಂತಮ್ಮ ಲೋಟ ಹಿಡಿದುಕೊಂಡಳು. ಗೋಡೆಯ ಗೂಡಿನಲ್ಲಿ ರೇಷನ್ ಕಾರ್ಡಿನ ಕೆಳಗೆ ತನ್ನ ಹಾಳೆಗಳು ಕಾಣುತ್ತಿದ್ದವು. ಅಂಚು ಹರಿಯದಂತೆ ಯಾರೋ ಸುತ್ತ ಅಂಟು ಕಾಗದ ಹಚ್ಚಿದ್ದರು. ಈಗ ಹೇಳಬೇಕು, ಈ ಗುಟುಕು ಮುಗಿದ ಮೇಲೆ ಹೇಳಬೇಕು ಎಂದುಕೊಳ್ಳುತ್ತ ಚಹಾ ಮುಗಿಸಿದಳು. ಬಹಳ ಚೆನ್ನಾಗಿದೆ ಎಂದಳು. ಮುನವ್ವರ್ ಬೀ ಅವಳ ಕೈಯಿಂದ ಲೋಟ ಇಸಿದುಕೊಳ್ಳುತ್ತ, "ನೀವಾದ್ರೂ ವಿಚಾರಸಾಕ ಬಂದ್ರಿ. ಬ್ಯಾರೆ ಯಾರೂ ಬರಲಿಲ್ರಿ" ಎಂದಳು. ಮಹಾಂತಮ್ಮ ಹೊರಗೆ ಬಂದು, ಹಿಂದೆ ತಿರುಗಿ ನೋಡದೆ ಎರಡು ಓಣಿ ದಾಟಿದಳು.

ಭಾನುವಾರ ಮೊದಲ ಬಸ್ಸಿಗೆ ದೇವದುರ್ಗಕ್ಕೆ ಹೊರಟಳು. ಕಿಟಕಿಯ ಆಚೆ ಹತ್ತಿ ಬಿಡಿಸಿ ಮುಗಿದ ಕರಿಯ ಹೊಲಗಳು. ಗಬ್ಬೂರು ಬರುವವರೆಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದಳು. ಶಾಮೀದಣ್ಣ, ಬರೆಯುವಾಗ ಒಂದು ಸಾಲು ಬಿಟ್ಟುಹೋಗಿದೆ. ಕೈತಪ್ಪಿನಿಂದ ಹೀಗಾಗಿದೆ. ವಾಕ್ಯ ತಿದ್ದುವುದೇ ಬದುಕಾಗಿದ್ದವಳಿಗೆ ತನ್ನ ವಾಕ್ಯಗಳ ಮೋಸ ಬೇಗನೆ ಕಂಡಿತು. ಎಲ್ಲದರಲ್ಲೂ ಸಾಲು ತಾನಾಗಿಯೇ ಎದ್ದು ಹೋಗುತ್ತಿತ್ತು, ತಪ್ಪು ತಾನಾಗಿಯೇ ಆಗುತ್ತಿತ್ತು. ಬಿಟ್ಟುಹೋಗಿದೆ ಅಲ್ಲ, ಬಿಟ್ಟೆ. ಪಕ್ಕದಲ್ಲಿ ಕೋಳಿಯ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಮುದುಕಿ, "ಏನಂದ್ಯವ್ವಾ?" ಎಂದು ತಿರುಗಿದಾಗಲೇ ತಾನು ಬಾಯಿಬಿಟ್ಟು ಹೇಳಿದ್ದು ಗೊತ್ತಾದದ್ದು. "ಏನಿಲ್ಲ ಯವ್ವಾ" ಎಂದಳು. ಮಾತಾಡದೆ ಕುಳಿತರೆ ಊರು ದೂರ ಎಂದೋ ಏನೋ, ಮುದುಕಿ ತನ್ನ ಮಗಳ ಬಾಣಂತನದ ಕಥೆ ಶುರು ಮಾಡಿದಳು. ಮಹಾಂತಮ್ಮ ದೇವದುರ್ಗದವರೆಗೂ ಹೂಂಗುಟ್ಟಿದಳು.

ಸೈಕಲ್ ಅಂಗಡಿ ಬಸ್‌ಸ್ಟ್ಯಾಂಡಿನ ಹತ್ತಿರವೇ ಇತ್ತು. ಶಾಮೀದಸಾಬ ನೆಲದ ಮೇಲೆ ಕುಳಿತು, ಒಂದು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತದೆಂದು ನೋಡುತ್ತಿದ್ದ. ಅಷ್ಟು ದೊಡ್ಡ ಕೈಗಳಲ್ಲಿ ಅಷ್ಟು ತೆಳ್ಳನೆಯ ರಬ್ಬರನ್ನು ಕಂಡು ಅವಳಿಗೆ ಬೇರೆ ಕಡೆ ನೋಡಬೇಕೆನಿಸಿತು. ಅವನು ಗಾಬರಿಯಿಂದ ಎದ್ದ. "ಅಕ್ಕೋರೆ? ಮನ್ಯಾಗ ಎಲ್ಲಾ ಆರಾಮ?" ಅವನು ಕೊಟ್ಟ ಸ್ಟೂಲಿನ ಮೇಲೆ ಅವಳು ಕೂರಲಿಲ್ಲ. ಕೂತರೆ ಮತ್ತೆ ಚಹಾ ಬರುತ್ತದೆ, ಮತ್ತೆ ಹೇಳಲಾಗುವುದಿಲ್ಲ ಎಂದು ಭಯ. "ಶಾಮೀದಣ್ಣ, ಎಣ್ಣಿ ಹಚ್ಚಬೇಕು ಅಂತ ಪುಸ್ತಕದಾಗ ಇತ್ತು. ಆ ಸಾಲು ನಾ ಬಿಟ್ಟೆ. ಥ್ರೆಡ್ ಅಂದ್ರ ಏನಂತ ನನಗ ಗೊತ್ತಿರಲಿಲ್ಲ. ನೀವು ಬಂದು ಕೇಳಿದಾಗ ಅದು ನೆನಪಿತ್ತು. ನೆನಪಿದ್ದೂ ಸುಳ್ಳು ಹೇಳಿದೆ." ನಿಂತಲ್ಲೇ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅವನ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬೈಯಲಿ ಎಂದು ಕಾದಳು. ಅವನು ಕೇಳಿದ್ದು ಒಂದೇ: "ಇತ್ತಾ? ಆ ಸಾಲು ಖರೇನ ಇತ್ತಾ?"

"ಇತ್ತು."

ಶಾಮೀದಸಾಬ ಒದ್ದೆ ಕೈಗಳನ್ನು ಮುಖದ ಮೇಲೆ ಇಟ್ಟುಕೊಂಡ. ಭುಜ ಅಲುಗುತ್ತಿದ್ದವು. ಅಳುತ್ತಿದ್ದಾನೆ ಎಂದು ಅವಳು ಒಂದು ಹೆಜ್ಜೆ ಮುಂದೆ ಬಂದಳು. ಅವನು ಕೈ ತೆಗೆದಾಗ ಕಣ್ಣು ಒದ್ದೆಯಾಗಿದ್ದುದು ಹೌದು, ಆದರೆ ಬಾಯಿ ನಗುತ್ತಿತ್ತು. "ಹಂಗಾದ್ರ ನನ್ನ ಕೈ ಕೆಟ್ಟಿಲ್ಲಲ್ರಿ! ಅವತ್ತು ಬಿಗಿ ಮಾಡೋವಾಗ ಕೈ ಹೇಳಾಕತ್ತಿತ್ತು ಅಕ್ಕೋರೆ, ಇನ್ನೂ ಬೇಕು, ಇನ್ನೂ ಬೇಕು ಅಂತ. ಮುಳ್ಳು ನೋಡಿದ್ರ ಮೂವತ್ತೈದಕ್ಕ ಬಂದು ನಿಂತಿತ್ತು. ಒಣಾ ಚೂಡಿ ಒಂದಕ್ಕೊಂದು ಹಿಡಕೊಂತಾವ್ರಿ. ನಾವು ಹಾಕಿದ ಬಲ ಎಲ್ಲಾ ಅಲ್ಲೇ ತಿಕ್ಕಾಟಕ್ಕ ಖರ್ಚಾಗತದ. ಮುಳ್ಳು ಮೂವತ್ತೈದು ಅಂತದ, ಬೋಲ್ಟು ಇನ್ನಾ ಖರೇ ಬಿಗಿ ಆಗಿರಂಗಿಲ್ಲ. ಒಳಗ ರಾಡು ಜಗ್ಗಿ ಜಗ್ಗಿ ಬೋಲ್ಟು ಸುಸ್ತಾಗತದ, ಒಂದಿನ ತುಂಡಾಗತದ." ಅವನು ತನ್ನ ಬಲಗೈಯನ್ನು ಮುಷ್ಟಿ ಮಾಡಿ ಬಿಚ್ಚಿ ನೋಡಿಕೊಂಡ, ಊರಿಗೆ ಹೋಗಿ ಬಂದ ಮಗನನ್ನು ನೋಡಿದ ಹಾಗೆ. ಮಹಾಂತಮ್ಮನಿಗೆ ಅರ್ಥವಾಗಲಿಲ್ಲ. ತಾನು ಹೊತ್ತು ತಂದದ್ದು ತಪ್ಪು. ಈ ಮನುಷ್ಯ ಅದನ್ನು ಉಡುಗೊರೆಯಂತೆ ಎರಡೂ ಕೈಯಲ್ಲಿ ತೆಗೆದುಕೊಂಡನಲ್ಲ. ಅವನು ಸಿಟ್ಟಾಗಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆಮೇಲೆ, ಟ್ಯೂಬನ್ನು ಮತ್ತೆ ಕೈಗೆತ್ತಿಕೊಂಡು, ಅವಳ ಕಡೆ ನೋಡದೆ, ಮೆಲ್ಲಗೆ ಎಂದ: "ಗೊತ್ತಿಲ್ಲ ಅಂತ ಒಂದು ಮಾತು ಅಂದಿದ್ರ ಸಾಕಾಗತಿತ್ರಿ. ನಾ ಹಚ್ಚಿಬಿಡತಿದ್ದೆ." ಅದು ಚುಚ್ಚಬೇಕಾದಲ್ಲಿ ಚುಚ್ಚಿತು. ಮಹಾಂತಮ್ಮ ಆಗ ಸ್ಟೂಲಿನ ಮೇಲೆ ಕುಳಿತಳು.

ಮಾನ್ವಿಗೆ ಹೋಗಿ ವಿರೂಪಣ್ಣನವರಿಗೆ ಹೇಳೋಣ ಎಂದದ್ದು ಅವಳು. ಬೇಡ ಎಂದದ್ದು ಅವನು. ನಿಮ್ಮ ಮರ್ಯಾದೆ ಹೋಗುತ್ತದೆ, ನನಗೆ ಗೊತ್ತಾಯಿತಲ್ಲ ಸಾಕು ಎಂದ. "ಊರಿಗೆ ಗೊತ್ತಾಗಬ್ಯಾಡೇನು?" ಎಂದು ಅವಳು ತರಗತಿಯ ದನಿಯಲ್ಲಿ ಕೇಳಿದ ಮೇಲೆ ಎದ್ದು ಅಂಗಿ ಬದಲಿಸಿದ. ಸಿರವಾರದಲ್ಲಿ ಬಸ್ಸು ಬದಲಿಸಿದರು. ಅವಳು ಮುಂದಿನ ಹೆಂಗಸರ ಸೀಟಿನಲ್ಲಿ, ಅವನು ಹಿಂದೆ ಕಂಬಿ ಹಿಡಿದು ನಿಂತು, ಒಬ್ಬರನ್ನೊಬ್ಬರು ಅರಿಯದವರ ಹಾಗೆ ಹೋದರು. ಗಿರಣಿಯ ಅಂಗಳದಲ್ಲಿ ಬೇಯಿಸಿದ ಭತ್ತವನ್ನು ಹರವಿದ್ದರು. ಅದರ ಹಸಿ ಬಿಸಿ ವಾಸನೆ ಮೂಗಿಗೆ ಹತ್ತಿದಾಗ ಮಹಾಂತಮ್ಮನಿಗೆ ತಾನು ಕಾಲೇಜಿನಲ್ಲಿದ್ದ ದಿನಗಳು ನೆನಪಾದವು. ರಜೆಗೆ ಇಲ್ಲಿಗೆ ಬಂದಾಗ ವಿರೂಪಣ್ಣ ತಮ್ಮ ಇಂಗ್ಲಿಷ್ ಪತ್ರಗಳನ್ನೆಲ್ಲ ಕೂಡಿಟ್ಟು ಅವಳ ಮುಂದೆ ಹಾಕುತ್ತಿದ್ದರು. ಬಂದ ವ್ಯಾಪಾರಿಗಳಿಗೆಲ್ಲ, ನಮ್ಮ ಮನೀ ಹುಡುಗಿ ಕಲೆಕ್ಟರಿಗೂ ಕಾಗದ ಬರೀತಾಳ ಎಂದು ತೋರಿಸುತ್ತಿದ್ದರು. ಇಂದೂ ಅವರ ಗಾದಿಯ ಮೇಲೆ ಇಬ್ಬರು ವ್ಯಾಪಾರಿಗಳಿದ್ದರು. ಅವರು ಹೋಗಲಿ ಎಂದು ಕಾಯಬಹುದಿತ್ತು. ಕಾಯಲಿಲ್ಲ.

"ಇಂಗ್ಲೀಷ್ ಬರಂಗಿಲ್ಲೇನು ನಿನಗ?" ಎಲ್ಲ ಕೇಳಿದ ಮೇಲೆ ವಿರೂಪಣ್ಣ ಕೇಳಿದ್ದು ಅದು. ಸಿಟ್ಟಿಗಿಂತ ಹೆಚ್ಚು ಬೆರಗು ಇತ್ತು. ವ್ಯಾಪಾರಿಗಳಲ್ಲಿ ಒಬ್ಬ ಮೀಸೆಯಡಿ ನಕ್ಕ.

"ಬರತದ್ರಿ ಮಾವಾರ. ಎಲ್ಲಾ ಬರಂಗಿಲ್ರಿ" ಎಂದಳು ಮಹಾಂತಮ್ಮ. ಕಿವಿ ಕಾದ ಹಂಚಿನ ಹಾಗೆ ಬಿಸಿಯಾಗಿತ್ತು. ಆದರೆ ಹೇಳಿದ ಮೇಲೆ ನೆಲ ಬಿರಿಯಲಿಲ್ಲ, ಹೊರಗೆ ಹೆಣ್ಣಾಳುಗಳು ಭತ್ತ ಕೆದರುವ ಸದ್ದು ಹಾಗೇ ಬರುತ್ತಿತ್ತು ಎಂಬುದನ್ನು ಅವಳು ಆಶ್ಚರ್ಯದಿಂದ ಗಮನಿಸಿದಳು.

ಒಳಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸೂಗಮ್ಮನಿಗೆ ನಗು ತಡೆಯಲಾಗಲಿಲ್ಲ. "ಯಪ್ಪಾ ಶಿವನೇ, ಒಂದು ದಾರದ ಸಲುವಾಗಿ ನಾ ಕಲ್ಲೂರಾಗ ಅರ್ಧ ದಿವಸ ಕುಂತೆನಲ್ಲೇ!" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಗಂಡನ ಕಡೆ ತಿರುಗಿ, ನಗು ಬಿಟ್ಟು ಹೇಳಿದಳು: "ಗಾದಿ ಮ್ಯಾಗ ಕುಂತು ಆ ಸಾಬನ ಕೈ ಮುಗೀತು ಅಂತ ನೀವು ಎಷ್ಟು ಮಂದಿ ಮುಂದ ಅಂದೀರಿ? ಅಷ್ಟೂ ಮಂದಿ ಮುಂದ ಇದನ್ನೂ ಅನ್ರಿ ಈಗ." ವಿರೂಪಣ್ಣ ಹಣೆಯ ವಿಭೂತಿ ಅಳಿಸುವ ಹಾಗೆ ಅಂಗೈಯಿಂದ ಉಜ್ಜಿಕೊಂಡರು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದ ಶಾಮೀದಸಾಬನನ್ನು ನೋಡಿದರು. ವ್ಯಾಪಾರಿಗಳನ್ನು ನೋಡಿದರು. "ಒಳಗ ಬಾರೋ ಶಾಮೀದ, ಹೊರಗ್ಯಾಕ ನಿಂತಿ" ಎಂದರು. "ಹೈದರಾಬಾದಿಗೆ ಕಳಸಂಗಿಲ್ಲ. ಅಲ್ಲಿಂದ ಹಳೇ ಎಂಜಿನ್ನಿನ ಗೂಡೊಂದು ತರಸ್ತೀನಿ. ನೀನs ಕೂಡಸು. ಮತ್ತ ಈಕಿನ್ನ ಪಕ್ಕಕ್ಕs ಕುಂದ್ರಸ್ಕೋ. ಒಂದು ಸಾಲು ಬಿಟ್ಟಳಂದ್ರ ನನಗ ಹೇಳು." ಕೊನೆಯದನ್ನು ಚುಚ್ಚಲೆಂದೇ ಹೇಳಿದ್ದರು. ಮಹಾಂತಮ್ಮ ಅದನ್ನು ಅಪ್ಪಣೆಯೆಂದೇ ತೆಗೆದುಕೊಂಡಳು.

ಹೀಗೆ ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅವಳು ಗ್ಯಾರೇಜಿನಲ್ಲಿ ಡಬ್ಬವೊಂದನ್ನು ಬೋರಲು ಹಾಕಿ ಕುಳಿತು ಇಂಗ್ಲಿಷ್ ಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ತಲೆಕೆಳಗಾಗಿ ಮಲಗಿದ್ದ ಎಂಜಿನ್ನಿನೊಳಗೆ ಕ್ರ್ಯಾಂಕು ತೊಳೆದಿಟ್ಟ ಬೆಳ್ಳಿಯ ಹಾಗಿತ್ತು. ಒಂದು ಸಾಲು ಓದುವುದು, ಅದರ ಕನ್ನಡ ಹೇಳುವುದು, ಅವನು ಮಾಡುವುದು. ಮೂರನೆಯ ಸಾಲಿಗೇ ಅವಳ ದನಿ ತಡೆಯಿತು. ಜರ್ನಲ್ ಎಂದಿತ್ತು. ಮೊದಲ ಸಲ ಇದನ್ನೂ ಹಾರಿಸಿ ಮುಂದೆ ಹೋಗಿದ್ದಳು. ಆಮೇಲೆ ಎಣಿಸಿ ನೋಡಿದರೆ ಹಾಗೆ ಹಾರಿದ ಜಾಗಗಳು ಒಟ್ಟು ಏಳು. "ಜರ್ನಲ್ ಅಂದ್ರ ದಿನಚರಿ ಪುಸ್ತಕ. ಇಲ್ಲಿ ಅದು ಇರಲಾರದು. ನನಗ ಗೊತ್ತಿಲ್ಲ ಶಾಮೀದಣ್ಣ" ಎಂದಳು. ಹೇಳುವಾಗ ನಾಲಗೆ ಸ್ವಲ್ಪ ಒಣಗಿತು, ಅಷ್ಟೆ. ಅವನು ಮುಂದಿನ ಸಾಲು ಓದಿಸಿ ಕೇಳಿದ, ಯೋಚಿಸಿದ, ರಾಡು ಬಂದು ಕೂರುವ ನುಣುಪಾದ ದುಂಡನೆಯ ಜಾಗದ ಮೇಲೆ ಬೆರಳಿಟ್ಟ. "ಇದಿರಬೇಕ್ರಿ. ಇಲ್ಲಿ ಗೆರಿ ಬಿದ್ದಿರಬಾರದು ಅಂತಾನ. ಮುಟ್ಟಿ ನೋಡ್ರಿ." ಅವಳು ಮುಟ್ಟಿದಳು. ತಣ್ಣಗಿತ್ತು.

ಬೋಲ್ಟುಗಳ ಸರದಿ ಬಂದಾಗ ಮುನವ್ವರ್ ಬೀಯೂ ಕೆಲಸ ಬಿಟ್ಟು ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಅವನು ಎಂಟು ಹೊಸ ಬೋಲ್ಟುಗಳನ್ನೂ ಒರೆಸಿ, ಒಂದೊಂದರ ಗೆರೆಗಳಿಗೂ ತಲೆಯ ಕೆಳಗಿನ ಅಂಚಿಗೂ ಬೆರಳ ತುದಿಯಿಂದ ಎಣ್ಣೆ ಸವರಿದ. "ಬಳಿ ಇಡಸ್ಕೊಳೋ ಮುಂದ ಕೈಗೆ ಎಣ್ಣಿ ಹಚ್ಕೊಳಂಗಿಲ್ಲೇನ್ರಿ ಅಕ್ಕೋರೆ, ಹಂಗs ಇದು. ಇದನ್ನ ನನ್ನ ಕೇಳಿದ್ರೂ ಹೇಳತಿದ್ದೆ" ಎಂದು ಅವಳು ನಕ್ಕಳು. ಎರಡೂ ಬೋಲ್ಟನ್ನು ಮೊದಲು ಬೆರಳಿನಿಂದ ಕೂಡಿಸಿ, ಆಮೇಲೆ ಪಾನಾ ಹಾಕಿ, ಇದನ್ನಿಷ್ಟು, ಅದನ್ನಿಷ್ಟು. ಮಹಾಂತಮ್ಮ ಬಗ್ಗಿ ಮುಳ್ಳಿನ ಅಂಕಿ ಓದಬೇಕು. ಹದಿನೈದು. ಆ ಕಡೆಯದೂ ಹದಿನೈದು. ಇಪ್ಪತ್ತೈದು. ಜರ್ಕು ಹಾಕದೆ ಒಂದೇ ಸಮ ಎಳೆಯುತ್ತಿದ್ದ ಅವನ ಮುಂಗೈಯಲ್ಲಿ ನರವೊಂದು ಎದ್ದು ನಿಲ್ಲುತ್ತಿತ್ತು. ಮೂವತ್ತೈದು ಎಂದು ಅವಳು ಹೇಳುವುದಕ್ಕೂ ಮುಚ್ಚಿದ್ದ ಅವನ ಕಣ್ಣು ತೆರೆಯುವುದಕ್ಕೂ ಒಂದು ಕ್ಷಣದ ಅಂತರವಿರಲಿಲ್ಲ. ನಾಲ್ಕು ರಾಡಿಗೂ ಹಾಗೆಯೇ ಆಯಿತು. ಒಂದು ರಾಡು ಮುಗಿದಾಗಲೆಲ್ಲ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ, ಸಲೀಸಾಗಿ ತಿರುಗುತ್ತದೆ ತಾನೇ ಎಂದು ನೋಡಿಕೊಳ್ಳುತ್ತಿದ್ದ. ಕೊನೆಯ ಬೋಲ್ಟಿಗೆ ಬಂದಾಗ ಪಾನಾ ಅವಳ ಕಡೆ ಚಾಚಿದ. "ಒಂದು ನೀವು ಹಿಡೀರಿ. ಕೈಗೆ ಗೊತ್ತಾಗಲಿ." ಅವಳು ಎಳೆದಳು. ಮೊದಲು ಸಲೀಸು, ಆಮೇಲೆ ಒಳಗಿನಿಂದ ಯಾರೋ ನಿಧಾನವಾಗಿ ಎದುರು ಹಿಡಿದ ಹಾಗೆ, ಆಮೇಲೆ ಇನ್ನೂ ಗಟ್ಟಿ. ಸೀರೆಗೆ ಎಣ್ಣೆ ಹತ್ತಿತು. ಅಂಕಿ ಓದಿದ್ದು ಅವನು, ಬೆರಳಿಟ್ಟು, ನಿಧಾನವಾಗಿ: "ಮೂ-ವ-ತ್ತೈ-ದು. ಬಸ್."

ಹತ್ತು ದಿನದ ಮೇಲೆ ವಿರೂಪಣ್ಣ ಕಾರು ಒಯ್ಯಲು ಡ್ರೈವರ್ ಗಡಿಗೆಪ್ಪನನ್ನು ಕಳಿಸಿದರು. ಅಕ್ಕೋರೂ ಸಾಬರೂ ಗಾಡಿಯಲ್ಲೇ ಬರಬೇಕು, ಮಧ್ಯಾಹ್ನ ಊಟ ಇಲ್ಲೇ ಎಂದು ಸೂಗಮ್ಮನ ಹುಕುಮು. ಮಹಾಂತಮ್ಮ ಮುಂದಿನ ಸೀಟಿನಲ್ಲಿ ಕುಳಿತಳು. ಶಾಮೀದಸಾಬ ಹಿಂದೆ ಕುಳಿತ. ಊರು ದಾಟಿದ ಮೇಲೆ ಅವಳಿಗೆ ಬರೀ ಸದ್ದುಗಳು. ಅದೇನು ಟಿಕ್ ಎಂದದ್ದು? ಬಾಗಿಲೇ? ಅದೇನು ಗುರ್ ಎಂದದ್ದು? ಏರು ಹತ್ತುವಾಗ ಎಂಜಿನ್ನಿನ ದನಿ ಒರಟಾದರೆ ಅವಳ ಕಾಲ್ಬೆರಳು ಚಪ್ಪಲಿಯೊಳಗೆ ಮುದುಡುತ್ತಿದ್ದವು. ಆ ಎಂಟರಲ್ಲಿ ಒಂದು ಬೋಲ್ಟು ತನ್ನದು. ಅದೇ ಜಾರಿದರೆ? ತಾನು ಓದಿದ ಮೂವತ್ತೈದು ನಿಜವಾಗಿ ಮೂವತ್ತೈದೇ ಆಗಿತ್ತೇ? ಓದದೆ ಬಿಟ್ಟ ಎಂಟನೆಯ ಜಾಗವೊಂದು ಆ ಪುಸ್ತಕದಲ್ಲಿ ಇನ್ನೂ ಎಲ್ಲಾದರೂ ಕುಳಿತಿದ್ದರೆ? ಕಲ್ಲೂರಿನ ಬೇವಿನ ಮರ ದೂರದಿಂದ ಕಂಡಾಗ ಉಸಿರು ಬಿಗಿಹಿಡಿದಳು. ಕೇಳಿಬಿಡೋಣ ಎಂದು, ಶಾಮೀದಣ್ಣ, ಈ ಸದ್ದು ಸರಿ ಅದ ಏನು ಎಂದು ಕೇಳಲು ಹಿಂದೆ ತಿರುಗಿದಳು.

ಅವನು ಮಲಗಿದ್ದ. ತಲೆ ಸೀಟಿನ ಮೂಲೆಗೆ ವಾಲಿತ್ತು, ಟೋಪಿ ಒಂದು ಕಿವಿಯ ಮೇಲೆ ಜಾರಿತ್ತು, ಬಾಯಿ ಮಗುವಿನದರ ಹಾಗೆ ಅರೆ ತೆರೆದಿತ್ತು. ಎರಡೂ ಕೈ ಅಂಗಾತವಾಗಿ ತೊಡೆಯ ಮೇಲೆ ಬಿದ್ದಿದ್ದವು, ಯಾರಿಗೂ ಏನೂ ತೋರಿಸಬೇಕಾಗಿಲ್ಲದ ಕೈಗಳು. ಎಷ್ಟು ದಿನದ ನಿದ್ದೆಯೋ. ಬೇವಿನ ಮರ ಕಿಟಕಿಯ ಪಕ್ಕದಲ್ಲಿ ಬಂದು ಹಿಂದೆ ಸರಿಯಿತು. ಕಲ್ಲೂರು ಮುಗಿಯಿತು. ಎಂಜಿನ್ನು ತನ್ನ ಪಾಡಿಗೆ ತಾನು ಓಡುತ್ತಿತ್ತು. ಅವಳು ಮುಂದೆ ತಿರುಗಿ ಕುಳಿತಳು. ಮುಂದೆ ರಸ್ತೆ ಕಿತ್ತುಹೋದ ತುಂಡೊಂದು ಕಾಣಿಸಿತು.

"ಗಡಿಗೆಪ್ಪ" ಎಂದಳು ಮೆಲ್ಲಗೆ. "ಅಲ್ಲಿ ಕುಣಿ ಅದಾವ ನೋಡು. ಸಾವಕಾಶ ಹೊಡಿಯಪ್ಪ. ಅವರಿಗೆ ಎಚ್ಚರ ಆದೀತು."